ತಾವು ಬರೆದದ್ದನ್ನು ತಾವೇ ಮುಚ್ಚಿದ ಅಕ್ಕಾರು

ಕಳೆದ ತಿಂಗಳು ನಮ್ಮ ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ಬಾಗಿಲ ಮೇಲಿನ ಹೆಸರಿನ ಫಲಕ ಬದಲಾಯಿತು. ಹಳೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಆ ಹೆಸರಿನವರೇ ಫೋನ್ ಮಾಡಿ, "ನಿಮಗ ಬ್ಯಾರೆ ಉದ್ಯೋಗ ಇಲ್ಲೇನ್ರಿ?" ಎಂದು ಬೈಯುವುದು ಖಾತ್ರಿ. ಕಾರ್ಖಾನೆಯ ಹೆಸರೂ ಬೇಡ. ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣದ ಎರಕ ಹೊಯ್ಯುವ ಕಾರ್ಖಾನೆಗಳು ಸಾಕಷ್ಟಿವೆ; ಅವುಗಳಲ್ಲಿ ನಮ್ಮದೂ ಒಂದು. ಪಂಪು, ಟ್ರ್ಯಾಕ್ಟರುಗಳ ಬಿಡಿಭಾಗ ಮಾಡುತ್ತೇವೆ. ಖಾನಾಪುರದಲ್ಲಿ ನಮ್ಮದೇ ಇನ್ನೊಂದು ಘಟಕವಿದೆ. ಕಬ್ಬಿಣ ಕರಗಿಸುವ ಭಟ್ಟಿಯ ಒಳಮೈಗೆ ಹಾಕುವ, ಬೆಂಕಿಗೆ ಜಗ್ಗದ ಇಟ್ಟಿಗೆ ಅಲ್ಲಿ ತಯಾರಾಗುತ್ತದೆ. ನಾನು ವಡಗಾವಿಯ ನೇಕಾರರ ಮನೆಯವನು. ಮಗ್ಗ ಬಿಟ್ಟು ಈ ಕಾರ್ಖಾನೆ ಸೇರಿ, ತಯಾರಾದ ಮಾಲನ್ನು ಗಿರಾಕಿಗೆ ಕಳುಹಿಸುವ ಡಿಸ್ಪ್ಯಾಚ್ ವಿಭಾಗ ನೋಡಿಕೊಳ್ಳುತ್ತೇನೆ.

ಹಳೆಯ ಫಲಕದಲ್ಲಿದ್ದ ಆ ಹೆಸರಿನವರನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ಭಟ್ಟಿಯ ಮುಂದೆ ನಿಲ್ಲುವವನೂ ಹಾಗೇ ಕರೆಯುತ್ತಿದ್ದ, ಮಾಲಕರೂ ಹಾಗೇ ಕರೆಯುತ್ತಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಅದರ ಕೆಳಗೆ ಕಬ್ಬಿಣದ ಮೂತಿಯ ಕಪ್ಪು ಸೇಫ್ಟಿ ಬೂಟು. ಎರಕದ ಶೆಡ್ಡಿನಲ್ಲಿ ನೆಲದ ತುಂಬ ಕರಿ ಮರಳು. ಅಕ್ಕಾರು ಅಲ್ಲಿಂದ ಸೀದಾ ಮಾಲಕರ ಕೋಣೆಗೆ ಹೋದರೆ ಕಾರ್ಪೆಟ್ಟಿನ ಮೇಲೆ ಬೂಟಿನ ಗುರುತು ಸಾಲಾಗಿ ಮೂಡುತ್ತಿತ್ತು. ಅದಕ್ಕೆ ಅವರು ಒಮ್ಮೆಯೂ ಮುಜುಗರ ಪಟ್ಟದ್ದನ್ನು ನಾನು ನೋಡಿಲ್ಲ. ಮಧ್ಯಾಹ್ನ ತಮ್ಮ ಕೋಣೆಯಲ್ಲಿ ಕುಳಿತು ಉಣ್ಣುವ ರೂಢಿ ಅವರಿಗಿರಲಿಲ್ಲ. ಡಬ್ಬಿ ಹಿಡಿದುಕೊಂಡು ಇಂದು ಸ್ಟೋರು, ನಾಳೆ ಲೆಕ್ಕಪತ್ರ, ನಾಡಿದ್ದು ನಮ್ಮ ಡಿಸ್ಪ್ಯಾಚು. ಕಟಕ ರೊಟ್ಟಿ, ಶೇಂಗಾ ಚಟ್ನಿ ಹಂಚುತ್ತ, "ಈಗೇನ್ ತ್ರಾಸ ಐತಿ?" ಎಂದು ಕೇಳುವರು. ನಾವು ಹೇಳತೊಡಗಿದರೆ ಕೈ ಎತ್ತಿ ತಡೆಯುವರು. "ಹೇಳಬ್ಯಾಡ್ರಿ, ಮಾಡಿ ತೋರಸ್ರಿ." ಉಂಡ ಕೈ ತೊಳೆದು, ಕುರ್ಚಿಯನ್ನು ನಮ್ಮ ಮಗ್ಗುಲಿಗೆ ಎಳೆದುಕೊಂಡು, ನಾವು ಮಾಡುವುದನ್ನು ನೋಡುತ್ತ ಕೂರುವರು.

ಹಾಗೆ ನೋಡಿ ನೋಡಿಯೇ ಅವರು ಕಾರ್ಖಾನೆಗೆ ಬೇಕಾದ ಸಾಫ್ಟ್‌ವೇರನ್ನೆಲ್ಲ ತಮ್ಮ ಕೈಯಾರೆ ಬರೆದಿದ್ದರು. ಪಗಾರ, ಖರೀದಿ, ಸ್ಟೋರು, ಎರಕದ ದಾಖಲೆ, ಡಿಸ್ಪ್ಯಾಚು ಎಲ್ಲವೂ ಅವರದೇ. ಬೀಡಿ ಎಂಬ ಊರಿನ ಕಡೆಯ ಹಳ್ಳಿಯಲ್ಲಿ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಖಾನಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಬೆಳಗಾವಿಗೆ ಇನ್ನೊಂದು ಬಸ್ಸು ಹಿಡಿದು ಓದಿದ ಹುಡುಗಿ, ತರುಣಿಯಾಗಿದ್ದಾಗ ಕೆಲಸಕ್ಕೆ ಸೇರಿದ ದಿನದಿಂದ ಬರೆಯುತ್ತಲೇ ಬಂದಿದ್ದರು. ಕಾರ್ಖಾನೆ ಬೆಳೆದಂತೆ ಅದಕ್ಕೆ ಹೊಸ ಹೊಸ ತುಂಡು ಜೋಡಿಸುತ್ತ ಹೋದರು. ಅದರ ಒಳಗುಟ್ಟು ಬಲ್ಲವರು ಅವರೊಬ್ಬರೇ.

ತೊಡಕು ಇದ್ದದ್ದೂ ಅಲ್ಲಿಯೇ. ಅವರ ಮಗಳ ಮದುವೆಯ ದಿನ ನಾನು ಮಂಟಪದಲ್ಲಿದ್ದೆ. ಕೈಯಲ್ಲಿ ಅಕ್ಷತೆ ಹಿಡಿದು ಎಲ್ಲರೂ ನಿಂತಿದ್ದಾಗ ಹೆಣ್ಣಿನ ತಾಯಿ ಕಾಣಲಿಲ್ಲ. ಹುಡುಕಿದರೆ ಅಡುಗೆಯ ಮನೆಯ ಹಿಂದೆ ನಿಂತು, ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದಕ್ಕೆ ಫೋನ್ ಹಿಡಿದು, ನಿಂತುಹೋದ ಪಗಾರದ ಕೆಲಸವನ್ನು ಹೇಗೆ ಮುಂದುವರಿಸಬೇಕೆಂದು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದರು. ಓಡಿ ಬಂದು ಅಕ್ಷತೆ ಹಾಕಿದರು. ಊಟದ ಹೊತ್ತಿಗೆ ನಾನು, "ಅಕ್ಕಾರ, ನೀವಿಲ್ದ ಕಾರ್ಖಾನಿ ನಡಿಯೂದಿಲ್ಲ ನೋಡ್ರಿ" ಎಂದು ಹೊಗಳಿದೆ. ಅವರಿಗೆ ಅದು ಹೊಗಳಿಕೆಯಾಗಿ ಕೇಳಲಿಲ್ಲ.

"ನಾ ಜಡ್ಡ ಬಿದ್ರ ಕಾರ್ಖಾನಿ ಜಡ್ಡ ಬೀಳತೈತಿ. ಇದು ಹೆಮ್ಮಿ ಪಡೂ ಮಾತೇನ್ರಿ? ನನಗ ಅಂಜಿಕಿ ಬರತೈತಿ" ಎಂದರು.

ಮುಂದಿನ ವಾರವೇ ಅವರು ಮಾಲಕರಿಗೆ ಹೇಳಿದರು: ನನ್ನ ಸಾಫ್ಟ್‌ವೇರಿಗೆ ವಯಸ್ಸಾಯಿತು, ಇದನ್ನು ತೆಗೆದು ಇಡೀ ಕಾರ್ಖಾನೆಗೆ ಒಂದೇ ಹೊಸ ವ್ಯವಸ್ಥೆ ತನ್ನಿ.

ಆ ಹೊತ್ತಿಗೆ ಆಡಳಿತವೆಲ್ಲ ಸಣ್ಣ ಮಾಲಕರ ಕೈಗೆ ಬಂದಿತ್ತು. ಮಾಲಕರ ಮಗ, ಚುರುಕಿನ ಮನುಷ್ಯ, ಯಾವುದೂ ನಾಳೆ ಎಂದರೆ ಸಹಿಸದವರು. ಹೊಸ ಸಾಫ್ಟ್‌ವೇರ್ ಕೊಂಡರು. ಅದನ್ನು ಕೂಡಿಸಲು ಪುಣೆಯಿಂದ ಒಂದು ತಂಡ ಕರೆಸಿದರು. ಆ ತಂಡದ ಮುಖ್ಯಸ್ಥ ಕನ್ನಡಕದ, ಮೆಲುದನಿಯ ಮರಾಠಿ ಮನುಷ್ಯ. ತನ್ನ ಕೆಲಸ ಬಲ್ಲವನು. ವಿಭಾಗದ ಮುಖ್ಯಸ್ಥರನ್ನೆಲ್ಲ ಸಭೆಗೆ ಕರೆದಿದ್ದರು, ನಾನೂ ಇದ್ದೆ. ಪುಣೆಯವರು ಎರಡು ದಾರಿ ತೋರಿಸಿದರು. ಹಳೆಯದರಲ್ಲಿ ಇದ್ದದ್ದನ್ನೆಲ್ಲ ಇದ್ದಂತೆಯೇ ಎತ್ತಿ ಹೊಸದರಲ್ಲಿ ಇಡುವುದು ಒಂದು. ಹಳೆಯದನ್ನು ಪೂರ್ತಿ ಬಿಟ್ಟು ಎಲ್ಲವನ್ನೂ ಹೊಸದಾಗಿ ಕಟ್ಟುವುದು ಇನ್ನೊಂದು. ಯಾವುದನ್ನು ಆರಿಸಿದರೂ ಒಂದೇ ದಿನ, ಇಡೀ ಕಾರ್ಖಾನೆ ಒಟ್ಟಿಗೆ ದಾಟಬೇಕು.

"ಏಪ್ರಿಲ್ ಒಂದಕ್ಕ ಹಳೇದು ಬಂದ್, ಹೊಸಾದು ಚಾಲೂ," ಎಂದರು ಸಣ್ಣ ಮಾಲಕರು. "ಕಣ್ಣ ಮುಚ್ಚಿ ಒಮ್ಮೆ ಜಿಗದಬಿಡೂಣು ಅಕ್ಕಾರ. ನಿಮಗೇನ್ ಹೊಸಾದ್ರಿ? ನಿಮ್ಮ ಮನಿಯವ್ರು ಕುರಿ ಹಿಂಡ ಹೊಡಕೊಂಡು ಊರಿಂದ ಊರಿಗಿ ಹೋಗ್ತಿದ್ರಲ್ಲ, ಹಂಗ ಈ ಡಾಟಾ ಹೊಡಕೊಂಡ ಹೋಗೂದು!"

ಪುಣೆಯ ಹುಡುಗರು ನಕ್ಕರು. ಅಕ್ಕಾರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

"ಕುರಿ ಕಾಯೂದು ಬ್ಯಾರೆ ಕೆಲಸರಿ, ಭಾಳ ತ್ರಾಸಿಂದು. ಅದನ್ನ ಇದಕ್ಕ ಹೋಲಿಸಿದ್ರಿ ಅಂದ್ರ ನಮ್ಮಪ್ಪಗ ಬ್ಯಾಸರ ಆಗತೈತಿ. ಇದರ ಮಾತ ಇದರಾಗ ಆಡೂಣು."

ಸಣ್ಣ ಮಾಲಕರ ಮುಖ ಕೆಂಪಾಯಿತು. ಅಕ್ಕಾರು ಅದನ್ನು ಗಮನಿಸದವರಂತೆ ಮುಂದುವರಿದರು.

"ಎಲ್ಲಾ ವಿಭಾಗಕ್ಕೂ ಒಂದ ದಾರಿ ಯಾಕ್ರಿ? ಲೆಕ್ಕಪತ್ರದಾಗ ಹಳೇ ಕಸ ಭಾಳ ಐತಿ, ಅವ್ರು ಹೊಸದಾಗಿನ ಶುರು ಮಾಡ್ಲಿ. ಸ್ಟೋರಿನ್ದು ಚೊಕ್ಕ ಐತಿ, ಅದನ್ನ ಇದ್ದಂಗ ಎತ್ತಿ ಇಡೂಣು. ಎರಕದ್ದು ಎರಡೂ ಬಾಜೂ ಬಾಜೂ ನಡೀಲಿ. ಹೊಸಾದು ತಪ್ಪಿಲ್ದ ನಡೀತು ಅಂತ ಭಟ್ಟಿ ಮಂದಿ ಹೇಳಿದ ಮ್ಯಾಲ ಹಳೇದನ್ನ ಬಿಡೂಣು. ಒಂದೊಂದ ವಿಭಾಗ ದಾಟಸೂಣು. ದಾಟಿದ್ದು ಸರಿ ಬರಲಿಲ್ಲಂದ್ರ ಹೊಳ್ಳಿ ಬರಾಕ ಹಾದಿ ಇರಬೇಕು."

ಪುಣೆಯ ಮುಖ್ಯಸ್ಥ ಮರಾಠಿಯಲ್ಲಿ ಆಕ್ಷೇಪಿಸಿದ. ಅವನ ಮಾತಿನಲ್ಲೂ ತೂಕವಿತ್ತು. ಎರಡೆರಡು ವ್ಯವಸ್ಥೆ ಒಟ್ಟಿಗೆ ನಡೆದರೆ ಜನರಿಗೆ ಕೆಲಸ ಇಮ್ಮಡಿಯಾಗುತ್ತದೆ. ಹಳೆಯದು ಕೈಗೆ ಸಿಗುವವರೆಗೂ ಯಾರೂ ಹೊಸದನ್ನು ಮುಟ್ಟುವುದಿಲ್ಲ. ಹೀಗೆ ನಡುನೀರಿನಲ್ಲಿ ವರ್ಷಗಟ್ಟಲೆ ನಿಂತ ಕಾರ್ಖಾನೆಗಳನ್ನು ತಾನು ಕಂಡಿದ್ದೇನೆ ಎಂದ.

"ಖರೇ ಐತಿ," ಎಂದರು ಅಕ್ಕಾರು. "ಅದಕ್ಕ ಒಂದೊಂದ ವಿಭಾಗಕ್ಕೂ ಹಳೇದನ್ನ ಮುಚ್ಚೂ ತಾರೀಖು ಮೊದಲ ಗೊತ್ತ ಮಾಡೂಣು. ಆ ತಾರೀಖಿಗಿ ನಾನ ಮುಚ್ಚತೇನಿ."

ಸಣ್ಣ ಮಾಲಕರು ಪೆನ್ನು ಕೆಳಗಿಟ್ಟರು. ಆಮೇಲೆ ನಾವೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತನ್ನು ಬಾಯಿಬಿಟ್ಟೇ ಕೇಳಿದರು. "ಸಿಟ್ಟ ಆಗಬ್ಯಾಡ್ರಿ ಅಕ್ಕಾರ. ಹಳೇದು ನೀವು ಬರದದ್ದು. ಅದರ ಮ್ಯಾಲಿನ ಜೀವಕ್ಕ ಹಿಂಗ ತುಂಡ ತುಂಡ ಮಾಡಿ ದಿನಾ ತಳ್ಳಾಕ್ಹತ್ತೀರೇನು?"

ಅಷ್ಟು ವರ್ಷ ದುಡಿದವರಿಗೆ ಎಲ್ಲರ ಮುಂದೆ ಇಂಥ ಪ್ರಶ್ನೆ. ನಾನು ಟೇಬಲ್ ನೋಡುತ್ತ ಕೂತೆ.

"ಜೀವ ಐತ್ರಿ, ಇಲ್ಲ ಅನ್ನೂದಿಲ್ಲ," ಎಂದರು ಅಕ್ಕಾರು. "ಅದಕ್ಕ ಮೊದಲ ಪಗಾರದ್ದ ತಗೋರಿ. ನಾ ಬರದದ್ರಾಗ ಎಲ್ಲಾಕಿಂತ ಚಲೋ ಆಗಿದ್ದು ಅದ. ಅದನ್ನ ಎಲ್ಲಾಕಿಂತ ಮೊದಲ ಮುಚ್ಚತೇನಿ. ನೀವು ನನಗ ಎರಡ ಮಾತ ಕೊಡ್ರಿ. ಹೊಸಾದು ಬಂತಂತ ಯಾರನ್ನೂ ಕೆಲಸದಿಂದ ತಗೀಬಾರದು. ಮತ್ತ ತಪ್ಪ ಹಾದಿ ಹಿಡೀತು ಅನಿಸಿದ್ರ ನಿಲ್ಲಸೂ ಅಧಿಕಾರ ನನಗ ಬೇಕು."

ಸಣ್ಣ ಮಾಲಕರು ಎರಡಕ್ಕೂ ಒಪ್ಪಿದರು. ಮೊದಲನೆಯ ಮಾತು ಆ ದಿನವೇ ಕ್ಯಾಂಟೀನಿಗೆ ತಲುಪಿತು. ಹೊಸ ಕಂಪ್ಯೂಟರ್ ಬಂದರೆ ಸ್ಟೋರಿನ ಅರ್ಧ ಮಂದಿ ಮನೆಗೆ ಎಂಬ ಗುಸುಗುಸು ತಿಂಗಳಿಂದ ಇತ್ತು, ಅದು ನಿಂತಿತು.

ಏಪ್ರಿಲ್ ಮೊದಲ ವಾರದಲ್ಲಿ ಪಗಾರದ ಕೆಲಸ ಹೊಸದಕ್ಕೆ ದಾಟಿತು. ಅಕ್ಕಾರು ಹೇಳಿದ ತಾರೀಖಿಗೆ ತಮ್ಮದನ್ನು ಮುಚ್ಚಿದರು. ಅವರ ಯೋಜನೆಯಲ್ಲಿ ಖಾನಾಪುರ ಕೊನೆಯದಾಗಿತ್ತು. ಅಲ್ಲಿಯ ಮಳೆ ಎಂದರೆ ಮಳೆ. ನಾಲ್ಕು ತಿಂಗಳು ಕರೆಂಟು, ಫೋನು, ನೆಟ್‌ವರ್ಕು ಯಾವುದಕ್ಕೂ ಭರವಸೆ ಇಲ್ಲ. ಬೆಳಗಾವಿಯಲ್ಲಿ ಎಲ್ಲ ಗಟ್ಟಿಯಾದ ಮೇಲೆ ಅಲ್ಲಿಗೆ ಹೋಗೋಣ ಎಂದು ಅಕ್ಕಾರು ಹೇಳಿದ್ದರು, ನಮಗೂ ಅದೇ ಸರಿ ಕಂಡಿತ್ತು. ಖಾನಾಪುರದ ಸ್ಟೋರು ನೋಡಿಕೊಳ್ಳುತ್ತಿದ್ದವಳು ಮನೆಯಲ್ಲಿ ಮರಾಠಿ, ಕೆಲಸದಲ್ಲಿ ಮರಾಠಿ, ಕನ್ನಡ ಎರಡೂ ಆಡುವ ಹೆಣ್ಣುಮಗಳು. ಏನೋ ಕೆಲಸಕ್ಕೆ ಬೆಳಗಾವಿಗೆ ಬಂದಾಗ ಅಕ್ಕಾರಿಗೆ ನೇರ ಎದುರಾದಳು.

"ಅಕ್ಕಾ, ಆಮ್ಹೀ ಶೇವಟೀ ಕಾ? ನಾವ್ಯಾಕ್ರಿ ಕಡೀಕ?"

ಅಕ್ಕಾರು ಮಳೆಯ ಕಾರಣ ಹೇಳಿದರು. ಅವಳು ಒಪ್ಪಲಿಲ್ಲ. "ಒಂದ ಸಲ ಬಂದ ನೋಡ್ರಿ. ಇಲ್ಲಿ ಕುಂತ ಹೇಳಬ್ಯಾಡ್ರಿ."

ಮರುದಿನ ಮುಂಜಾನೆಯ ಬಸ್ಸಿಗೆ ಅಕ್ಕಾರು ಖಾನಾಪುರಕ್ಕೆ ಹೊರಟರು. ಒಂದು ವಾರ ಅಲ್ಲೇ ಇದ್ದರು. ಹತ್ತಿರದ ಹಲಸಿ ಊರಿನಲ್ಲಿ ಅವರ ತಂಗಿಯ ಮನೆ. ವಸತಿ ಅಲ್ಲಿ, ಹಗಲೆಲ್ಲ ಇಟ್ಟಿಗೆ ಘಟಕದಲ್ಲಿ. ಅವರಿಗೆ ಕಂಡದ್ದು ಇಷ್ಟು. ಹಳೆಯ ಸಾಫ್ಟ್‌ವೇರ್ ಖಾನಾಪುರವನ್ನು ಮುಟ್ಟಿಯೇ ಇರಲಿಲ್ಲ; ಅದು ಗೊತ್ತಿದ್ದರೂ ಅಲ್ಲಿಯವರ ಪಾಡನ್ನು ಅಕ್ಕಾರು ಹತ್ತಿರದಿಂದ ನೋಡಿರಲಿಲ್ಲ. ಅಲ್ಲಿಯ ಜನ ಎಲ್ಲವನ್ನೂ ಕೈಯಲ್ಲಿ ಬರೆದು, ಫೋನಿನಲ್ಲಿ ಬೆಳಗಾವಿಗೆ ಓದಿ ಹೇಳಿ, ಇಲ್ಲಿ ಅದನ್ನು ಮತ್ತೊಬ್ಬರು ಕಂಪ್ಯೂಟರಿಗೆ ಹಾಕುತ್ತಿದ್ದರು. ಮಳೆಗಾಲದಲ್ಲಿ ಫೋನು ಕೆಟ್ಟರೆ ಭಟ್ಟಿಗೆ ಎಷ್ಟು ಇಟ್ಟಿಗೆ ಬರುತ್ತದೆಂದು ಬೆಳಗಾವಿಗೆ ತಿಳಿಯುತ್ತಲೇ ಇರಲಿಲ್ಲ. ಹೊಸದರ ಅಗತ್ಯ ಎಲ್ಲರಿಗಿಂತ ಹೆಚ್ಚು ಇದ್ದದ್ದು ಅವರಿಗೆ. ಬಿಡಬೇಕಾದ ಹಳೆಯದೇ ಇಲ್ಲದ್ದರಿಂದ ದಾಟುವುದೂ ಅವರಿಗೇ ಸುಲಭ. ನೆಟ್‌ವರ್ಕ್ ಹೋದಾಗ ಅಲ್ಲಿಯೇ ಉಳಿಸಿಕೊಂಡು, ಬಂದಾಗ ತಾನೇ ಕಳುಹಿಸುವ ಏರ್ಪಾಡು ಮಾಡಿದರೆ ಸಾಕಿತ್ತು.

ಮುಂದಿನ ಸಭೆಯಲ್ಲಿ ಅಕ್ಕಾರು ಕುಳಿತುಕೊಳ್ಳುವ ಮೊದಲೇ ಹೇಳಿದರು: "ನಾ ಹೇಳಿದ್ದು ತಪ್ಪಿತ್ತು. ಪಗಾರ ಆತು, ಇನ್ನ ಮುಂದಿಂದು ಖಾನಾಪುರ."

ಪುಣೆಯ ಮುಖ್ಯಸ್ಥ ಬೆರಗಾಗಿ ಮರಾಠಿಯಲ್ಲಿ ಕೇಳಿದ, "ಇದೇ ಕ್ರಮಕ್ಕಾಗಿ ನಮ್ಮ ಜೊತೆ ಅಷ್ಟು ವಾದಿಸಿದಿರಲ್ಲ?"

"ಹೌದ್ರಿ, ವಾದ ಮಾಡಿದ್ನಿ. ಆವಾಗ ಹೋಗಿ ನೋಡಿದ್ದಿಲ್ಲ. ಈಗ ನೋಡೇನಿ."

ಸಣ್ಣ ಮಾಲಕರು ಅವರನ್ನು ನೋಡುವ ರೀತಿ ಆ ದಿನ ಬದಲಾಯಿತು. ಅಕ್ಕಾರು ಹಟದ ಹೆಂಗಸು ಎಂದುಕೊಂಡಿದ್ದ ಮನುಷ್ಯ ಕುರ್ಚಿಯಲ್ಲಿ ಮುಂದೆ ಬಾಗಿ, "ಮತ್ತೇನೇನ ನೋಡಿದ್ರಿ ಅಲ್ಲಿ? ಹೇಳ್ರಿ" ಎಂದು ಕೇಳತೊಡಗಿದರು. ಮಳೆ ಹಿಡಿಯುವ ಮೊದಲೇ ಖಾನಾಪುರ ದಾಟಿತು. ಅಕ್ಕಾರು ಪರದೆಯ ಮೇಲೆ ಹಸಿ ಇಟ್ಟಿಗೆಗೆ ಅಲ್ಲಿಯ ಜನ ಆಡುವ ಹೆಸರನ್ನೇ ಹಾಕಿಸಿದ್ದರು. ಸ್ಟೋರಿನ ಆ ಹೆಣ್ಣುಮಗಳು ಜೂನಿನಲ್ಲಿ ಫೋನ್ ಮಾಡಿ, "ಇಲ್ಲಿ ಧೋ ಅಂತ ಹೊಡಿಯಾಕ್ಹತ್ತೈತಿ. ನಮ್ದು ನಡದೈತಿ, ನಿಮ್ದು ಎಲ್ಲಿಗಿ ಬಂತು?" ಎಂದು ನಮ್ಮನ್ನೇ ಅಣಕಿಸಿದಳು.

ಎಲ್ಲವೂ ಹೀಗೆ ಸಲೀಸಾಗಿ ನಡೆಯಿತೆಂದಲ್ಲ. ಎರಕದ ವಿಭಾಗ ದಾಟಿದ ದಿನ ಎಲ್ಲ ಕೆಡುವುದರಲ್ಲಿತ್ತು.

ಭಟ್ಟಿಯಲ್ಲಿ ಒಮ್ಮೆ ಕರಗಿಸಿದ ಕಬ್ಬಿಣಕ್ಕೆ ಒಂದು ಗುರುತಿನ ಸಂಖ್ಯೆ ಇರುತ್ತದೆ. ಆ ಕಬ್ಬಿಣದಿಂದ ಹೊಯ್ದ ಪ್ರತಿ ವಸ್ತುವಿನ ಮೈಮೇಲೂ ಅದು ಮೂಡಿರುತ್ತದೆ. ಮಾಲಿನ ಜೊತೆ ಹೋಗುವ ಪ್ರಮಾಣಪತ್ರದಲ್ಲೂ ಅದೇ ಇರಬೇಕು. ನಾಳೆ ಟ್ರ್ಯಾಕ್ಟರಿನ ಭಾಗ ಒಡೆದರೆ ಯಾವ ಕಬ್ಬಿಣದಲ್ಲಿ ದೋಷವಿತ್ತೆಂದು ಹುಡುಕುವುದು ಅದರಿಂದಲೇ. ಆ ಮುಂಜಾನೆ ಗಾಡಿ ತುಂಬಿಸಿ ಗೇಟಿನ ಹತ್ತಿರ ನಿಲ್ಲಿಸಿದ್ದೆ. ರೂಢಿಯಂತೆ ಒಂದು ಮಾಲನ್ನು ಕೈಗೆತ್ತಿಕೊಂಡು ಹೊಸ ಪ್ರಮಾಣಪತ್ರಕ್ಕೆ ತಾಳೆ ನೋಡಿದೆ. ಸಂಖ್ಯೆ ಬೇರೆ ಇತ್ತು. ಇನ್ನೊಂದು ನೋಡಿದೆ, ಅದೂ ಬೇರೆ. ಓಡಿ ಹೋಗಿ ಅಕ್ಕಾರಿಗೆ ಹೇಳಿದೆ.

ಅವರು ಬಂದು ನೋಡಿದರು. ಭಟ್ಟಿಯಲ್ಲಿ ಉಳಿದ ಕಬ್ಬಿಣದ ರಸಕ್ಕೆ ಹೊಸ ಕಬ್ಬಿಣ ಸೇರಿಸಿ ಮತ್ತೆ ಕರಗಿಸಿದಾಗ ನಮ್ಮಲ್ಲಿ ಹೊಸ ಸಂಖ್ಯೆ ಕೊಡುತ್ತಾರೆ. ಹೊಸ ಸಾಫ್ಟ್‌ವೇರ್ ಅದನ್ನು ಹಳೆಯ ಸಂಖ್ಯೆಯಲ್ಲೇ ಮುಂದುವರಿಸಿತ್ತು. ಪುಣೆಯವರ ಪರೀಕ್ಷೆಯಲ್ಲಿ ಈ ಪ್ರಸಂಗ ಬಂದಿರಲಿಲ್ಲ, ಅಕ್ಕಾರ ಪರೀಕ್ಷೆಯಲ್ಲೂ ಬಂದಿರಲಿಲ್ಲ.

"ಒಂದು ತಾಸು ಕೊಡಿ, ಸರಿಪಡಿಸುತ್ತೇವೆ" ಎಂದ ಪುಣೆಯ ಮುಖ್ಯಸ್ಥ. ಗಿರಾಕಿಯ ಕಡೆಯಿಂದ ಗಾಡಿ ಎಲ್ಲಿದೆಯೆಂದು ಆಗಲೇ ಫೋನು ಬಂದಿತ್ತು. ಸಣ್ಣ ಮಾಲಕರು ಗಾಡಿಯ ಹತ್ತಿರವೇ ನಿಂತಿದ್ದರು. ಹೊಸದು ಮೊದಲ ದಿನವೇ ಸೋತಿತೆಂಬ ಮಾತು ಪೇಟೆಗೆ ಹೋದರೆ ಎಂಬ ಚಿಂತೆ ಅವರ ಮುಖದ ಮೇಲಿತ್ತು.

ಅಕ್ಕಾರು, "ತಾಸಿನ್ಯಾಗ ಸರಿ ಮಾಡಿದ್ದು ಖರೇ ಸರಿ ಆಗೈತೋ ಇಲ್ಲೋ ಅಂತ ನೋಡಾಕ ಮತ್ತೊಂದ ದಿನ ಬೇಕು. ಗಾಡಿ ಗೇಟ್ ದಾಟಿತಂದ್ರ ತಪ್ಪ ಕಾಗದ ಗಿರಾಕಿ ಕೈಯಾಗ ಇರತೈತಿ. ಎರಕ ಇಷ್ಟ ಹೊಳ್ಳಿ ಹಳೇದಕ್ಕ ತರ್ತೇನಿ. ಉಳಿದದ್ದೆಲ್ಲಾ ಹೊಸದ್ರಾಗ ನಡೀಲಿ" ಎಂದರು.

ನಿಲ್ಲಿಸುವ ಅಧಿಕಾರ ಅವರದಾಗಿತ್ತು. ಬಾಜೂ ಬಾಜೂ ನಡೆಸುತ್ತಿದ್ದುದರಿಂದ ಹಳೆಯದರಲ್ಲಿ ಆ ದಿನದ ದಾಖಲೆ ಪೂರ್ತಿ ಇತ್ತು. ಮಧ್ಯಾಹ್ನದ ಊಟಕ್ಕೆ ಮುಂಚೆ ಸರಿಯಾದ ಪ್ರಮಾಣಪತ್ರ ಹಿಡಿದು ಗಾಡಿ ಹೊರಟಿತು. ಖರೀದಿ, ಸ್ಟೋರು, ಖಾನಾಪುರ ಯಾವುದೂ ಒಂದು ಗಳಿಗೆ ನಿಲ್ಲಲಿಲ್ಲ.

ಕ್ಯಾಂಟೀನಿನಲ್ಲಿ ನಮ್ಮವರು ಗದ್ದಲ ಎಬ್ಬಿಸಿದ್ದರು. ಅಕ್ಕಾರು ಒಳಗೆ ಬಂದಾಗ ಯಾರೋ, "ಅಕ್ಕಾರ್ದ ಗೆದ್ದೈತಿ! ಪುಣೆದ್ದು ಮಕಾಡಿ ಬಿದ್ದೈತಿ!" ಎಂದು ಚಪ್ಪಾಳೆ ಹೊಡೆದರು. ಅವರ ಕೋಪವನ್ನು ನಾನು ಕಂಡದ್ದು ಆ ದಿನವೊಂದೇ.

"ಯಾರ ಗೆದ್ದಾರ? ಅವ್ರೇನ್ ಪರಕೀಯರೇನ? ಇವತ್ತ ಅವ್ರ ಮುಂದ ಹಿಂಗ ನಗತೀರಿ. ನಾಳಿ ತಪ್ಪ ಕಂಡ್ರ ಅವ್ರು ನಮಗ್ಯಾಕ ಹೇಳ್ತಾರ? ಮುಚ್ಚಿಡ್ತಾರ. ಹಳೇದು ಹೋಗೂದ ಹೋಗೂದು. ಬರದಾಕಿ ನಾ ಹೇಳ್ತೇನಿ, ಅದು ಹೋಗಬೇಕು."

ಚಪ್ಪಾಳೆ ಹೊಡೆದ ಕೈಗಳು ತಾಟಿನ ಕಡೆ ಹೋದವು. ಅಕ್ಕಾರು ಡಬ್ಬಿ ಹಿಡಿದು ಮೂಲೆಯಲ್ಲಿ ಒಬ್ಬನೇ ಕೂತಿದ್ದ ಪುಣೆಯ ಮುಖ್ಯಸ್ಥನ ಎದುರು ಹೋಗಿ ಕೂತರು. ಏನು ಮಾತಾಡಿದರೋ ಕೇಳಲಿಲ್ಲ. ಅವರ ರೊಟ್ಟಿ ಅವನ ತಾಟಿನಲ್ಲಿತ್ತು.

ಮರುದಿನದಿಂದ ಆ ಮನುಷ್ಯ ಸೇಫ್ಟಿ ಬೂಟು ಹಾಕಿಕೊಂಡು ಅಕ್ಕಾರ ಜೊತೆ ಭಟ್ಟಿಯ ಮುಂದೆ ನಿಂತ. ರಸ ಉಳಿದಾಗ ಏನಾಗುತ್ತದೆ, ಕರೆಂಟು ನಡುವೆ ಹೋದರೆ ಏನಾಗುತ್ತದೆ ಎಂದು ಭಟ್ಟಿಯವರನ್ನು ಕೇಳಿ ಕೇಳಿ ಬರೆದುಕೊಂಡ. ದಸರೆಯ ನಂತರ ಎರಕದ ವಿಭಾಗ ಮತ್ತೆ ದಾಟಿತು. ಈ ಸಲ ನಾನು ಒಂದೊಂದೇ ಮಾಲು ತಾಳೆ ನೋಡಿದೆ. ಎಲ್ಲ ಸರಿ ಇತ್ತು.

ಹಳೆಯದರಲ್ಲಿ ಕೊನೆಗೆ ಉಳಿದದ್ದು ಎರಕದ ದಾಖಲೆ ಮಾತ್ರ. ಅದನ್ನೂ ಮುಚ್ಚುವ ತಾರೀಖು ಬಂದಿತು. ಅಕ್ಕಾರು ಯಾರಿಗೂ ಸಾರಿ ಹೇಳಲಿಲ್ಲ. ಅದನ್ನು ಮೊದಲಿನಿಂದ ಬಳಸಿದ ನಮ್ಮಂಥ ಕೆಲವರನ್ನಷ್ಟೇ ತಮ್ಮ ಕೋಣೆಗೆ ಕರೆದರು. ಹಳೆಯ ದಾಖಲೆ ಯಾರಿಗಾದರೂ ಬೇಕಾದರೆ ಎಲ್ಲಿ ಸಿಗುತ್ತದೆಂದು ತೋರಿಸಿದರು. ಕೊನೆಯ ಆಜ್ಞೆ ತಾವೇ ಒತ್ತಿದರು. ಪರದೆ ಕಪ್ಪಾಯಿತು. ಲೆಕ್ಕಪತ್ರದ ಹಿರಿಯರೊಬ್ಬರು ಕಣ್ಣೊರೆಸಿಕೊಂಡಾಗ, "ಏ, ಯಾರ ಸತ್ತಿಲ್ಲ. ನಡೀರಿ, ಚಾ ಕುಡಿಯೂಣು" ಎಂದು ಗದರಿದರು. ಎಲ್ಲರೂ ಹೊರಗೆ ನಡೆದರು. ನಾನು ಬಾಗಿಲಲ್ಲಿ ತಿರುಗಿ ನೋಡಿದಾಗ ಅವರು ಇನ್ನೂ ಕೀಲಿಮಣೆಯ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದರು.

ಆಮೇಲೆ ಒಂದಿಷ್ಟು ಕಾಲ ಇದ್ದು, ಹೊಸದನ್ನು ನೋಡಿಕೊಳ್ಳುವ ಮೂವರನ್ನು ತಯಾರು ಮಾಡಿ, ಅಕ್ಕಾರು ನಿವೃತ್ತರಾದರು. ಬೀಳ್ಕೊಡುಗೆ ಕ್ಯಾಂಟೀನಿನಲ್ಲೇ ನಡೆಯಿತು. ಪುಣೆಯ ಮುಖ್ಯಸ್ಥ ಸ್ವಂತ ಖರ್ಚಿನಲ್ಲಿ ಬಂದಿದ್ದ. ಬೇರೆ ಕಾರ್ಖಾನೆಗಳಿಗೆ ಹೋದಾಗ ಈಗ ತಾನು ಮೊದಲ ವಾರ ಕಂಪ್ಯೂಟರ್ ತೆರೆಯುವುದೇ ಇಲ್ಲ, ವಿಭಾಗ ವಿಭಾಗಕ್ಕೆ ಹೋಗಿ ಕೂರುತ್ತೇನೆ ಎಂದ. ಕೊನೆಗೆ ತಡವರಿಸುತ್ತ ಕನ್ನಡದಲ್ಲಿ, "ನಾನು ಇಲ್ಲಿ ಕಲಿಸಾಕ ಬಂದಿದ್ದೆ, ಕಲಿತು ಹೋದೆ" ಎಂದು ಹೇಳಿ ಕೂತ. ಸಣ್ಣ ಮಾಲಕರು ಇಂಗ್ಲಿಷು ಬೆರೆಸಿ ದೊಡ್ಡ ಭಾಷಣ ಮಾಡಿದರು.

ಮೊದಲ ಸಾಲಿನಲ್ಲಿ ನನ್ನ ಪಕ್ಕ ಅಕ್ಕಾರ ತಾಯಿ ಕೂತಿದ್ದರು. ಬೀಡಿ ಕಡೆಯ ಹಳ್ಳಿಯಿಂದ ಮಗನ ಜೊತೆ ಬಂದಿದ್ದ ಮುದುಕಿ. ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ. ಭಾಷಣ ನಡೆದಿರುವಾಗಲೇ ನನ್ನ ತೋಳು ಹಿಡಿದು ಜಗ್ಗಿದರು.

"ಏನಂತಾನೋ ಯಪ್ಪಾ ಆ ಹುಡುಗ? ನಮ್ಮಾಕಿ ಏನ್ ಮಾಡ್ಯಾಳಂತ?"

ಈ ಇಡೀ ಕತೆಯನ್ನು ಅವರಿಗೆ ಹೇಗೆ ಹೇಳುವುದೆಂದು ನಾನು ತಡಕಾಡಿದೆ.

"ಕಾರ್ಖಾನಿಯೊಳಗಿನ ಹಳೇ ಪದ್ಧತಿ ಎಲ್ಲಾ ತಗದು ಹೊಸಾದು ತಂದ್ರಬೇ. ಅದು ನಡಿಯೂ ಮುಂದ ಕೆಲಸ ಒಂದ ದಿನಾನೂ ನಿಲ್ಲಲಿಲ್ಲ. ಯಾರ ನೌಕರಿನೂ ಹೋಗಲಿಲ್ಲ."

ಮುದುಕಿ ಹಿಂದಕ್ಕೆ ತಿರುಗಿದರು. ಗೋಡೆಯ ತನಕ ಜನ ಕೂತಿದ್ದರು, ಕೂರಲು ಜಾಗ ಸಾಲದೆ ನಿಂತಿದ್ದರು. ಭಟ್ಟಿಯವರು, ಸ್ಟೋರಿನವರು, ಖಾನಾಪುರದಿಂದ ಬಸ್ಸು ಮಾಡಿಕೊಂಡು ಬಂದವರು. ಆ ಮುಖಗಳನ್ನೆಲ್ಲ ನಿಧಾನವಾಗಿ ನೋಡಿದರು.

"ಇವ್ರದು ಯಾರ್ದೂ ಹೋಗಲಿಲ್ಲ?"

"ಯಾರ್ದೂ ಇಲ್ಲಬೇ."

ಅವರು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ನೆಟ್ಟಗೆ ಕೂತರು. ಆಮೇಲೆ ತಮ್ಮ ಇನ್ನೊಂದು ಮಗ್ಗುಲಿಗೆ ಕೂತಿದ್ದ, ಮುಖಪರಿಚಯವೂ ಇಲ್ಲದ ಹೆಂಗಸಿನ ಕಡೆ ವಾಲಿ, ಭಾಷಣ ಮಾಡುತ್ತಿದ್ದ ಸಣ್ಣ ಮಾಲಕರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದರು:

"ಅಲ್ಲಿ ಕುಂತಾಳಲ್ಲ, ಆಕಿ ನನ್ನ ಮಗಳು."